ಟನಿಕ್ಲಿಫ್ ಮನೆಯ ಎಡಗೈ ಗೆರೆ

ವಿನಿಫ್ರೆಡ್ ಕಾರ್ಟ್‌ಲಿಜ್‌ಗೆ ಎಪ್ಪತ್ತು ತುಂಬಿದ ತಿಂಗಳಲ್ಲೇ ನೇರ ಗೆರೆಗಳು ಸೊಟ್ಟಗೆ ಕಾಣತೊಡಗಿದವು. ಮೊದಲು ಬಾಗಿಲ ಚೌಕಟ್ಟು, ಆಮೇಲೆ ಪತ್ರಿಕೆಯ ಸಾಲು, ಕೊನೆಗೆ ಎದುರು ಮನೆಯ ಹೊಗೆಗೂಡು. ನಲವತ್ತಕ್ಕೂ ಹೆಚ್ಚು ವರ್ಷ ಟೈಲುಗಳ ಮೇಲೆ ಗೆರೆ ಎಳೆದೇ ಬದುಕಿದವಳು ಅವಳು. ತಪ್ಪು ಗೆರೆಯದ್ದಲ್ಲ, ತನ್ನ ಕಣ್ಣಿನದು ಎಂದು ತಿಳಿಯಲು ಅವಳಿಗೆ ಎರಡು ದಿನ ಸಾಕಾಯಿತು.

ಆಸ್ಪತ್ರೆಯ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ನೋಟದ ಅಂಚು ಉಳಿಯುತ್ತದೆ, ನಡುಭಾಗ ಹೋಗುತ್ತದೆ ಎಂದರು.

"ಎಷ್ಟು ದಿನ ಇದೆ?" ಎಂದು ಕೇಳಿದಳು.

"ಕ್ರಿಸ್‌ಮಸ್ ತನಕ ಅಂದ್ಕೊಳ್ಳಿ."

ಅದು ೧೯೯೨ರ ಫೆಬ್ರವರಿ. ತನ್ನ ಟೈಲು ಕಾರ್ಖಾನೆಗಳ ಊರು ಲಾಂಗ್ಟನ್‌ಗೆ ಹಿಂದಿರುಗುವ ಬಸ್ಸಿನಲ್ಲಿ ಕೂತು, ಕಣ್ಣು ಹೋಗುವುದರೊಳಗೆ ಏನೇನು ನೋಡಬೇಕು ಎಂದು ಮನಸ್ಸಿನಲ್ಲೇ ಪಟ್ಟಿ ಮಾಡಿದಳು. ಸಮುದ್ರ ನೋಡಿಯಾಗಿತ್ತು. ತೀರಿಹೋದ ಗಂಡ ಸ್ಟ್ಯಾನ್‌ನ ಮುಖ ನೋಡಲು ಪಟ ಇತ್ತು. ಅದು ಹೇಗೂ ಬಾಯಿಪಾಠ. ಬಸ್ಸು ಇಳಿಯುವ ಹೊತ್ತಿಗೆ ಪಟ್ಟಿಯಲ್ಲಿ ಒಂದೇ ಉಳಿದಿತ್ತು. ಅಜ್ಜಿ ಲಿಯಾಳ ಗೆರೆ.

ಲಿಯಾ ಬ್ರಾಸಿಂಗ್ಟನ್‌ಳ ಪಟ ಇರಲಿಲ್ಲ. ಅವಳ ಕೈಯಕ್ಷರವೂ ಇರಲಿಲ್ಲ. ಮದುವೆಯ ದಾಖಲೆಯಲ್ಲಿ ಒಂದು ಗುಣಾಕಾರದ ಗುರುತು ಹಾಕಿದ್ದಳು, ಅಷ್ಟೆ. ಆದರೆ ಹದಿನೈದನೇ ವಯಸ್ಸಿನಿಂದ ಎಲೈಜಾ ಟನಿಕ್ಲಿಫ್‌ನ ಟೈಲು ಕಾರ್ಖಾನೆಯಲ್ಲಿ ಅವಳು ಎಳೆದ ಗೆರೆಗಳನ್ನು ಒಂದರ ತುದಿಗೊಂದು ಜೋಡಿಸಿದ್ದರೆ ಲಂಡನ್ ಮುಟ್ಟುತ್ತಿತ್ತು ಎಂದು ಮನೆಯಲ್ಲಿ ಹೇಳುತ್ತಿದ್ದರು. ರಬ್ಬರಿನ ಪುಟ್ಟ ಚೀಲ, ಅದರ ಬಾಯಿಗೆ ಗಾಜಿನ ಕೊಳವೆ, ಒಳಗೆ ಕೆನೆಯಷ್ಟು ಗಟ್ಟಿಯ ಜೇಡಿ. ಇದ್ದಿಲ ಪುಡಿಯಲ್ಲಿ ಒತ್ತಿದ ಚಿತ್ರದ ಮೇಲೆ ಚೀಲ ಹಿಂಡುತ್ತ ಹೋದರೆ ಟೈಲಿನ ಮೇಲೆ ಉಬ್ಬುಗೆರೆ ನಿಲ್ಲುತ್ತದೆ. ಗೆರೆ ಶುರುವಾಗುವಲ್ಲಿ ಸಾಸಿವೆಯಷ್ಟು ಒಂದು ಗಂಟು. ಕೈ ಎತ್ತುವಲ್ಲಿ ಸಣ್ಣಗಾಗುವ ಒಂದು ಬಾಲ. ಆಮೇಲೆ ಬಣ್ಣ ತುಂಬುವವರು ಬೇರೆ ಹುಡುಗಿಯರು. ಯಾರೂ ಹೆಸರು ಬರೆಯುವಂತಿರಲಿಲ್ಲ.

ಲಿಯಾ ಎಡಚಿ. ಉದ್ದ ಬೆಂಚಿನ ಮೇಲೆ ಹನ್ನೆರಡು ಹುಡುಗಿಯರು ಒತ್ತಾಗಿ ಕೂತು ಎಲ್ಲರ ಮೊಣಕೈಯೂ ಒಂದೇ ಕಡೆ ಆಡುವಾಗ, ಇವಳದ್ದು ಪಕ್ಕದವಳಿಗೆ ತಗುಲಿ ಅವಳ ಹೂವು ಕೆಡುತ್ತಿತ್ತು. ಮೇಸ್ತ್ರಿ ಇವಳನ್ನು ಕೆಲಸದಿಂದ ಬಿಡಿಸಲು ನೋಡಿದ. ಆ ಹೊತ್ತಿಗೆ ಹಾದುಹೋಗುತ್ತಿದ್ದ ಟನಿಕ್ಲಿಫ್ ಅವಳ ಮುಂದಿದ್ದ ಟೈಲನ್ನು ಎತ್ತಿ ಬೆಳಕಿಗೆ ಹಿಡಿದ. "ಕೈ ಯಾವುದಾದ್ರೇನಯ್ಯಾ, ಗೆರೆ ನೀರಿನ ಹಾಗೆ ಹರಿದಿದೆ" ಎಂದ. ತನ್ನ ಹೊಸ ಮನೆಯ ನಡುಮನೆಯಲ್ಲಿ ಅಗ್ಗಿಷ್ಟಿಕೆಗೆ ಕೂರಿಸಲು ಆರಿಸಿದ ಟೈಲುಗಳ ಜೊತೆ ಅದನ್ನೂ ಇಡಿಸಿದ. ಲಿಯಾಳನ್ನು ಬೆಂಚಿನ ಎಡತುದಿಗೆ ಕೂರಿಸಿದರು; ಕೆಲಸ ಉಳಿಯಿತು.

ಈ ಕಥೆಯನ್ನು ಅವಳು ಪ್ರತಿ ಚಳಿಗಾಲ ಹೇಳುತ್ತಿದ್ದಳು. "ಅಂವ ಸತ್ತ, ಕಾರ್ಖಾನೆ ಬಾಗಿಲು ಹಾಕ್ತು. ನನ್ ಗೆರೆ ಮಾತ್ರ ಇನ್ನೂ ದೊಡ್ಡೋರ ಮನೇಲಿ ಬೆಂಕಿ ಕಾಯಿಸ್ಕೊಂಡು ಕೂತಿದೆ ನೋಡು."

"ಯಾವ್ ಮನೆ ಅಜ್ಜಿ?"

"ದಿಬ್ಬದ ಮೇಲಿಂದು."

ಲಾಂಗ್ಟನ್‌ನಲ್ಲಿ ದಿಬ್ಬದ ಮೇಲಿಲ್ಲದ ಮನೆ ಹುಡುಕುವುದೇ ಕಷ್ಟ. ಬೆಂಚಿನ ಹುಡುಗಿ ಧಣಿಯ ಮನೆಯ ಬಾಗಿಲು ತಟ್ಟುವ ಕಾಲವೂ ಅದಲ್ಲ. ಹಾಗಾಗಿ ಲಿಯಾ ಕೂಡ ತನ್ನ ಟೈಲನ್ನು ಅದು ಕೂತ ಜಾಗದಲ್ಲಿ ಒಮ್ಮೆಯೂ ನೋಡಿರಲಿಲ್ಲ.

ವಿನಿಫ್ರೆಡ್‌ಳೂ ಎಡಚಿಯೇ. ಕ್ರಿಸ್‌ಮಸ್ ಕೇಕಿನ ಮೇಲೆ ಸಕ್ಕರೆಪಾಕದ ಚೀಲ ಹಿಂಡಿಸುತ್ತ ಅಜ್ಜಿಯೇ ಅವಳಿಗೆ ಗೆರೆ ಕಲಿಸಿದ್ದಳು. "ಉಸಿರು ಬಿಡ್ತಾ ಎಳಿ. ಉಸಿರು ಮುಗಿದಾಗ ಎತ್ತು. ನಡುವೆ ನಿಲ್ಸಿದ್ರೆ ಗೆರೆಗೆ ಗೊತ್ತಾಗ್ಬಿಡತ್ತೆ." ಅವಳಿಗೆ ಹನ್ನೆರಡು ತುಂಬುವ ಮುಂಚೆ ಅಜ್ಜಿ ತೀರಿಕೊಂಡಳು. ಹದಿನಾಲ್ಕಕ್ಕೆ ವಿನಿಫ್ರೆಡ್ ಬೇರೊಂದು ಕಾರ್ಖಾನೆಯ ಬೆಂಚಿಗೆ ಹೋದಳು. ಕೇಳದೆಯೇ ಎಡತುದಿಯಲ್ಲಿ ಕೂತಳು.

*

ಊರಿನ ಚರಿತ್ರೆಯನ್ನೆಲ್ಲ ತಲೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದವರು ರೆಜಿನಾಲ್ಡ್ ಶೆರಟ್. ರೈಲ್ವೆಯಿಂದ ನಿವೃತ್ತರಾದವರು. ಪ್ರತಿ ಮಂಗಳವಾರ ಚರ್ಚಿನ ಪಾಠಶಾಲೆಯಲ್ಲಿ ಇತಿಹಾಸ ಬಳಗ ನಡೆಸುತ್ತಿದ್ದರು. ಬಳಗದ ಹತ್ತು ಜನರಲ್ಲಿ ಆರು ಮಂದಿ ಬರುತ್ತಿದ್ದುದು ಬಿಸ್ಕತ್ತಿಗಾಗಿ. ೧೮೯೧ರ ಜನಗಣತಿಯ ಹಾಳೆಗಳನ್ನು ನೂರು ವರ್ಷ ಮುಚ್ಚಿಟ್ಟು ಆ ಜನವರಿಯಲ್ಲಷ್ಟೇ ಬಿಡುಗಡೆ ಮಾಡಿದ್ದರು. ಶೆರಟ್ ಮೊದಲ ವಾರವೇ ಹೋಗಿ ಪ್ರತಿ ತೆಗೆಸಿಕೊಂಡು ಬಂದಿದ್ದರು.

"ಟನಿಕ್ಲಿಫಾ? ಅಪ್ಪರ್ ಹಿಲ್ ಸ್ಟ್ರೀಟ್, ಅರವತ್ನಾಲ್ಕು" ಎಂದರು ಅವರು, ಕಾಗದವನ್ನು ಅವಳ ಮೂಗಿನ ಮುಂದೆ ಹಿಡಿದು. "ಊಹೆ ಅಲ್ಲ ಬಾತೇ, ದಾಖಲೆ. ಆ ಮನೆ ಗೋಡೆಗೆ ಅವನ ಹೆಸರಿನ ಫಲಕಾನೂ ಮಾಡ್ಸೋಕೆ ಕೊಟ್ಟಿದೀನಿ."

ಆ ಊರಿನಲ್ಲಿ ಪಾದ್ರಿಯಿಂದ ಹಿಡಿದು ಪೋಲೀಸಿನವನವರೆಗೆ ಎಲ್ಲರೂ ಎಲ್ಲರಿಗೂ ಬಾತುಗಳೇ; ಅದು ಅಲ್ಲಿಯ ಅಕ್ಕರೆಯ ಕರೆ.

ಅರವತ್ನಾಲ್ಕರಲ್ಲಿ ಇದ್ದವಳು ಒಬ್ಬ ನರ್ಸು. ಒಳಗೆ ಕರೆದು ಚಹಾ ಕೊಟ್ಟಳು. ಅಗ್ಗಿಷ್ಟಿಕೆ ಕೆಂಪು ಇಟ್ಟಿಗೆಯದು, ಟೈಲಿನ ಸುಳಿವಿಲ್ಲ. ಮನೆಯ ಕಾಗದಪತ್ರ ತೆಗೆದು ನೋಡಿದರೆ ಕಟ್ಟಿದ್ದೇ ೧೯೦೩ರಲ್ಲಿ.

"ಹಾಗಾದ್ರೆ ಹಳೇದನ್ನ ಕೆಡವಿ ಕಟ್ಟಿದಾರೆ" ಎಂದರು ಶೆರಟ್. ತಮ್ಮ ಕಾಗದ ತಪ್ಪಿರಬಹುದೆಂಬ ಯೋಚನೆ ಅವರ ಹತ್ತಿರವೂ ಸುಳಿಯಲಿಲ್ಲ. "ಬೇಜಾರ್ ಮಾಡ್ಕೋಬೇಡ. ಫಲಕದಲ್ಲಿ 'ಇದ್ದ ಸ್ಥಳ' ಅಂತ ಸೇರಿಸ್ತೀನಿ."

ಕೆಡವಿದ ಇಟ್ಟಿಗೆ, ಟೈಲುಗಳನ್ನೆಲ್ಲ ಹಳೆಯ ಜೇಡಿಮಣ್ಣಿನ ಗುಂಡಿಗಳಿಗೆ ಸುರಿಯುವುದು ಲಾಂಗ್ಟನ್‌ನವರ ರೂಢಿ. ಆ ಸಂಜೆ ವಿನಿಫ್ರೆಡ್ ಓಟ್ ರೊಟ್ಟಿಯ ಮೇಲೆ ಚೀಸು ಕರಗುವ ತನಕ ಕಾದಳು, ಕರಗಿದ ಮೇಲೆ ತಿನ್ನದೆ ತಟ್ಟೆ ಬದಿಗಿಟ್ಟಳು. ತೊಂಬತ್ತು ವರ್ಷದಿಂದ ಆ ಟೈಲು ಯಾವುದೋ ಗುಂಡಿಯ ತಳದಲ್ಲಿದೆ. ಹಾಗಿದ್ದರೆ ಪ್ರತಿ ಚಳಿಗಾಲ ಅಜ್ಜಿ ಆ ಕಥೆ ಹೇಳುವಾಗಲೂ ಅದು ಅಲ್ಲೇ ಇತ್ತು.

*

ಮರುವಾರ ಅವಳು ಗ್ರಂಥಾಲಯಕ್ಕೆ ಹೋದದ್ದು ಹುಡುಕಲಿಕ್ಕಲ್ಲ. ಆ ಹಾಳೆಯ ಅಸಲನ್ನು ಒಮ್ಮೆ ಯಾರಿಂದಾದರೂ ಓದಿಸಿ ಕೇಳಬೇಕಿತ್ತು, ಅಷ್ಟೆ. ಮೈಕ್ರೋಫಿಲ್ಮಿನ ಯಂತ್ರದ ಮುಂದೆ ಕೂತರೆ ಅವಳಿಗೆ ಕಂಡದ್ದು ನಡುವೆ ಒಂದು ಬೂದು ಮಚ್ಚೆ, ಸುತ್ತ ಇರುವೆ ಸಾಲಿನಂಥ ಅಕ್ಷರ.

ಸ್ಥಳೀಯ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದ ಗ್ವೆನ್ ಔಲ್ಟನ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. "ಓದ್ತೀನಿ ಇರಿ. ಯಾವ್ ಹೆಸರು ಬೇಕು?"

"ಎಲ್ಲಾನೂ ಓದಮ್ಮ. ಹಾಳೆಯ ನೆತ್ತಿಯಿಂದ. ಏನೂ ಬಿಡಬೇಡ."

"ಬೀದಿ ಪೂರ್ತಿನಾ?"

"ನಂಗೆ ಬೇರೆ ಕೆಲ್ಸ ಇಲ್ಲ. ನಿಂಗಿದ್ಯಾ?"

ಗ್ವೆನ್ ನಕ್ಕು ಓದತೊಡಗಿದಳು. ಐವತ್ತೆಂಟು, ಮಾರ್ಲ್ ಸ್ಟ್ರೀಟ್, ಗಣಿ ಕೆಲಸಗಾರ, ಹೆಂಡತಿ, ಏಳು ಮಕ್ಕಳು. ಐವತ್ತೊಂಬತ್ತು, ಮಾರ್ಲ್ ಸ್ಟ್ರೀಟ್, ವಿಧವೆ, ಬಟ್ಟೆ ಒಗೆಯುವವಳು. ಬೀದಿ ತುಂಬ ಜನ ಅವಳ ಬಾಯಿಯಿಂದ ಒಬ್ಬೊಬ್ಬರಾಗಿ ಹೊರಬಂದರು. ಅರವತ್ತೆರಡು, ಅಪ್ಪರ್ ಹಿಲ್ ಸ್ಟ್ರೀಟ್, ಶಾಲಾ ಉಪಾಧ್ಯಾಯ. ಅರವತ್ತಮೂರು, ಅದೇ ಬೀದಿ, ವೈದ್ಯ. ಅರವತ್ನಾಲ್ಕು, ಎಲೈಜಾ ಟನಿಕ್ಲಿಫ್, ಟೈಲು ತಯಾರಕ, ವಯಸ್ಸು ಐವತ್ತಮೂರು. ಅರವತ್ತೈದು, ಅವನ ಪಕ್ಕದ ದರ್ಜಿ. ಅರವತ್ತಾರು, ಚಾಪೆಲ್ ಲೇನ್—

"ತಡಿ" ಎಂದಳು ವಿನಿಫ್ರೆಡ್. "ಚಾಪೆಲ್ ಲೇನ್ ಅರವತ್ತಾರರಿಂದ ಶುರುವಾಗತ್ತಾ?"

"ಹಾಗಂತ ಬರೆದಿದೆ."

"ಮಾರ್ಲ್ ಸ್ಟ್ರೀಟು ಅರವತ್ತೊಂದಕ್ಕೆ ಮುಗೀತು. ಅಪ್ಪರ್ ಹಿಲ್ಲು ಅರವತ್ತೆರಡಕ್ಕೆ ಹುಟ್ತು. ಯಾವ್ ಬೀದಿಗಾದ್ರೂ ಮೊದಲ್ನೇ ಮನೆ ಅರವತ್ತೆರಡು ಇರತ್ತಾ ತಾಯಿ? ಇದು ಬೀದಿ ಎಣಿಕೆ ಅಲ್ಲ. ನಡ್ಕೊಂಡ್ ಹೋದೋನ ಎಣಿಕೆ."

ಗ್ವೆನ್ ಫಿಲ್ಮನ್ನು ಸ್ವಲ್ಪ ಕೆಳಕ್ಕೆಳೆದಳು. ಮೊದಲ ಕಾಲಮ್ಮಿನ ತಲೆಬರಹ ಪರದೆಯೊಳಕ್ಕೆ ಇಳಿದು ಬಂತು: ನಮೂನೆಯ ಕ್ರಮಸಂಖ್ಯೆ. ಗಣತಿದಾರ ಮನೆಮನೆಗೆ ಹಂಚಿದ ಕಾಗದಗಳಿಗೆ ಹಾಕಿಕೊಂಡ ಅಂಕಿ ಅದು. ಮನೆಯ ನಂಬರಿನ ಕಾಲಮ್ಮು ಪಕ್ಕದ್ದು. ಅಲ್ಲಿ ಬೀದಿಯ ಹೆಸರಷ್ಟೇ ಇತ್ತು. ಶೆರಟ್ ತೆಗೆಸಿದ ಪ್ರತಿಯಲ್ಲಿ ಹಾಳೆಯ ನೆತ್ತಿ ಕತ್ತರಿಸಿಹೋಗಿತ್ತು.

"ಅಯ್ಯೋ, ನಾನೇ ಅಲ್ವಾ ಆ ಪ್ರತಿ ತೆಗೆದುಕೊಟ್ಟಿದ್ದು" ಎಂದು ಗ್ವೆನ್ ಹಣೆ ಚಚ್ಚಿಕೊಂಡಳು.

ಅಂದರೆ ಅರವತ್ನಾಲ್ಕನ್ನು ಕೆಡವಿದರೂ, ಬಿಟ್ಟರೂ, ಅದಕ್ಕೂ ಟನಿಕ್ಲಿಫ್‌ಗೂ ಸಂಬಂಧವೇ ಇಲ್ಲ. ವಿನಿಫ್ರೆಡ್ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು; ಟೈಲು ಗುಂಡಿಗೆ ಬಿದ್ದಿರಲೇಬೇಕೆಂದಿಲ್ಲ.

ಮುಂದಿನ ಮೂರು ವಾರ ಅವರಿಬ್ಬರೂ ಗುರುವಾರಕ್ಕೊಮ್ಮೆ ಕೂತರು. ಊರಿನ ಮನೆಗಳನ್ನೆಲ್ಲ ಪಟ್ಟಿಮಾಡಿದ ೧೮೯೨ರ ವಿಳಾಸ ಪುಸ್ತಕ ಸಿಕ್ಕಿತು. ಅದರಲ್ಲಿ ಅಪ್ಪರ್ ಹಿಲ್ ಸ್ಟ್ರೀಟಿನ ಎಡಬದಿಯಲ್ಲಿ ಉಪಾಧ್ಯಾಯ, ವೈದ್ಯ, ಟನಿಕ್ಲಿಫ್, ದರ್ಜಿ. ಗಣತಿದಾರ ನಡೆದ ಕ್ರಮವೇ. ಟನಿಕ್ಲಿಫ್‌ನ ಮನೆಗೆ ನಂಬರಿಲ್ಲ, ಹೆಸರಿದೆ: ಫರ್ನ್‌ಲೀ. ಆ ಹೆಸರಿನ ಮನೆ ಈಗ ಬೀದಿಯಲ್ಲಿಲ್ಲ. ಎರಡು ದಾಖಲೆ ಒಂದೇ ಮಾತು ಹೇಳುತ್ತವೆ, ಆದರೆ ಎರಡೂ ನೆಲ ತೋರಿಸುವುದಿಲ್ಲ ಎಂದಳು ಗ್ವೆನ್. ನೆಲ ತೋರಿಸಿದ್ದು ೧೮೯೭ರ ಚರಂಡಿ ನಕ್ಷೆ. ಆ ವರ್ಷ ಫರ್ನ್‌ಲೀಗೆ ಮನೆಯೊಳಗೆ ಕಕ್ಕಸು ಕಟ್ಟಿಸಲು ಟನಿಕ್ಲಿಫ್ ನಗರಸಭೆಗೆ ಅರ್ಜಿ ಹಾಕಿದ್ದ. ಪ್ರಾರ್ಥನಾಮಂದಿರದ ಮೂಲೆಯಿಂದ ಮನೆಯ ಮುಂಬಾಗಿಲಿಗೆ ನೂರ ನಲವತ್ತೆರಡು ಅಡಿ ಎಂದು ನಕ್ಷೆಯವನು ಕೆಂಪು ಶಾಯಿಯಲ್ಲಿ ಬರೆದಿದ್ದ.

ಪ್ರಾರ್ಥನಾಮಂದಿರ ಈಗ ಜಮಖಾನೆ ಮಾರುವ ಮಳಿಗೆ. ಆದರೆ ಮೂಲೆ ಅದೇ.

ವಿನಿಫ್ರೆಡ್ ಬಟ್ಟೆ ಒಣಹಾಕುವ ಹಗ್ಗಕ್ಕೆ ಹತ್ತು ಅಡಿಗೊಂದು ಗಂಟು ಹಾಕಿದಳು. ಟೇಪಿನ ಅಂಕಿ ಅವಳಿಗೆ ಕಾಣುತ್ತಿರಲಿಲ್ಲ, ಗಂಟು ಬೆರಳಿಗೆ ಸಿಗುತ್ತಿತ್ತು. ಗ್ವೆನ್ ಮೂಲೆಯಲ್ಲಿ ಒಂದು ತುದಿ ಹಿಡಿದಳು. ವಿನಿಫ್ರೆಡ್ ದಿಬ್ಬ ಹತ್ತಿದಳು. ಹದಿನಾಲ್ಕು ಗಂಟು, ಎರಡು ಅಡಿ. ಕೈ ಹೋಗಿ ಮುಟ್ಟಿದ್ದು ಒಂದು ಗಾಜಿನ ಬಾಗಿಲು. ಒಳಗಿನಿಂದ ಶಾಂಪೂವಿನ ವಾಸನೆ, ಕೂದಲು ಒಣಗಿಸುವ ಯಂತ್ರಗಳ ಗುಂಯ್‌ಗಾಟ ಬರುತ್ತಿತ್ತು.

*

ಡೋರೀನ್ ಬ್ಲೂರ್‌ಳ ಕೇಶಾಲಂಕಾರದ ಅಂಗಡಿ ಇಪ್ಪತ್ತೆಂಟು ವರ್ಷದಿಂದ ಅಲ್ಲಿತ್ತು. ಮನೆಯ ಮೇಲುಭಾಗದಲ್ಲಿ ಅವಳ ವಾಸ, ಮೊದಲು ನಡುಮನೆಯಾಗಿದ್ದಲ್ಲಿ ಅಂಗಡಿ. ಇಬ್ಬರು ಮುದುಕಿಯರು ಯಂತ್ರದ ಟೋಪಿಯ ಕೆಳಗೆ ಕೂತಿದ್ದರು. ವಿನಿಫ್ರೆಡ್ ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಡೋರೀನ್ ಬಾಚಣಿಗೆ ಹಿಡಿದೇ ಕೇಳಿಸಿಕೊಂಡಳು.

"ಅಲ್ವೇ ವಿನ್ನಿ, ಹತ್ತು ವರ್ಷ ನೀನು ಆ ಮೇವಿಸ್ ಅಂಗಡೀಲಿ ತಲೆ ಸುಡಿಸ್ಕೊಂಡೆ. ಈಗ ಬಂದು ನನ್ ಗೋಡೆ ಒಡೀಬೇಕು ಅಂತೀಯ?"

"ಒಡೆಯೋದ್ ಬೇಡ ಡೋರೀನ್. ಅಗ್ಗಿಷ್ಟಿಕೆ ಮುಚ್ಚಿರೋ ಹಲಗೆ ಬಿಚ್ಚಿದ್ರೆ ಸಾಕು."

"ಏನಂತೆ?" ಎಂದು ಟೋಪಿಯೊಳಗಿಂದ ಒಬ್ಬಳು ಕೂಗಿದಳು.

"ನನ್ ಗೋಡೇಲಿ ಇವಳಜ್ಜಿ ಇದಾಳಂತೆ!"

"ಬಾಡಿಗೆ ಕೇಳು!"

ನಗೆ ಮುಗಿದ ಮೇಲೆ ಡೋರೀನ್ ದೊಡ್ಡ ಕನ್ನಡಿಯ ಕಡೆ ನೋಡಿದಳು. ಅದರ ಹಿಂದೆ ಬಿಳಿ ಬಣ್ಣ ಬಳಿದ ಹಲಗೆ, ಗೋಡೆಯ ಅರ್ಧದಷ್ಟು. ಅರವತ್ತರ ದಶಕದಲ್ಲಿ ಊರಿಗೂರೇ ಹೀಗೆ ಹಲಗೆ ಹೊಡೆದಿತ್ತು. ಅಜ್ಜಿ ಕಾಲದ ಹೂಬಳ್ಳಿಗಳು ಧೂಳು ಹಿಡಿಯುತ್ತವೆ, ನಾಚಿಕೆಗೇಡು ಎಂದು. ಟೈಲು ಮಾಡುವ ಊರೇ ತನ್ನ ಟೈಲುಗಳನ್ನು ಮುಚ್ಚಿಕೊಂಡು ಕೂತಿತ್ತು.

"ಅದು ನನ್ ಗಂಡ ಕ್ಲಿಫ್ ಹೊಡೆದಿದ್ದು" ಎಂದಳು ಡೋರೀನ್. ಅವಳ ದನಿ ಬೇರೆಯಾಗಿತ್ತು. "ಅರವತ್ನಾಲ್ಕನೇ ಇಸ್ವೀಲಿ. ಮೂರು ಭಾನುವಾರ. ಒಂದೊಂದು ಮೊಳೆ ತಲೇನೂ ಪುಟ್ಟಿ ಹಚ್ಚಿ ಮುಚ್ಚಿದ. ಅವನು ಹೋದ್ಮೇಲೆ ಅವನ ಕೈಯಿಂದಾದ್ದು ಈ ಮನೇಲಿ ಅದೊಂದೇ ಉಳಿದಿರೋದು."

ಈ ಮಾತನ್ನು ವಿನಿಫ್ರೆಡ್‌ಳಷ್ಟು ಚೆನ್ನಾಗಿ ಅರ್ಥಮಾಡಿಕೊಳ್ಳುವವರು ಆ ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ತನ್ನ ಚೀಲ ಎತ್ತಿಕೊಂಡಳು.

"ಹಾಗಾದ್ರೆ ಬೇಡ ಬಿಡು" ಎಂದು ಬಾಗಿಲ ತನಕ ಹೋದಳು. ಹಿಡಿಕೆಗೆ ತಡಕಾಡಿದಳು; ಮೊದಲ ಸಲ ಗಾಳಿ ಸಿಕ್ಕಿತು, ಎರಡನೇ ಸಲ ಗಾಜು.

"ವಿನ್ನಿ. ನಿನ್ ಕಣ್ಣಿಗೇನಾಗಿದೆ?"

ಹೇಳಿದಳು.

ಡೋರೀನ್ ಬಾಚಣಿಗೆ ಕೆಳಗಿಟ್ಟಳು. "ಬುಧವಾರ ಮಧ್ಯಾಹ್ನ ಅಂಗಡಿ ಮುಚ್ತೀನಿ. ಆಗ ಬಾ. ಹಲಗೆ ಇಡಿಯಾಗೇ ಬರಬೇಕು, ಒಂದು ಮೊಳೆ ಕಳೀಬಾರ್ದು. ಮತ್ತೆ ಮೇವಿಸ್ ಹಾಳ್ಮಾಡಿರೋ ಆ ತಲೇನ ನನ್ ಕೈಗೆ ಕೊಡಬೇಕು. ನೋಡೋಕಾಗಲ್ಲ ನನ್ನಿಂದ."

*

ಬುಧವಾರ ಗ್ವೆನ್ ಬಂದಳು. ಅವಳ ಹಿಂದೆಯೇ ಮೊಳೆ ಕೀಳುವ ಸಾಮಾನಿನ ಪೆಟ್ಟಿಗೆ ಹಿಡಿದು ಶೆರಟ್ ಬಂದರು. ಅವರ ಮುಖ ಸಪ್ಪಗಿತ್ತು.

"ಫಲಕ ಸುಡೋ ಗೂಡಿಗೆ ಹೋಗಿಯಾಯ್ತು" ಎಂದರು. "ಅರವತ್ನಾಲ್ಕು ಅಂತ ಬೆಂದು ಬರತ್ತೆ. ನನ್ ಹಿತ್ತಲಲ್ಲಿ ಟೊಮೇಟೊ ಕುಂಡದ ಅಡಿಗೆ ಇಟ್ಕೋತೀನಿ."

"ನಲವತ್ತು ವರ್ಷ ಜನ ಹತ್ತಿದ ರೈಲೆಲ್ಲ ಸರಿಯಾದ ಊರಿಗೆ ಹೋದ್ವಾ ಶೆರಟ್?" ಎಂದಳು ಡೋರೀನ್.

"ರೈಲಿಗೆ ಹಳಿ ಇತ್ತಲ್ಲ ಬಾತೇ" ಎಂದು ಅವರು ಕೋಟು ಕಳಚಿ ಮಂಡಿಯೂರಿದರು. ಒಂದೊಂದು ಮೊಳೆಯ ಪುಟ್ಟಿಯನ್ನೂ ಸೂಜಿಯಿಂದ ಬಿಡಿಸಿದರು. ಕನ್ನಡಿ ಇಳಿಯಿತು. ಎರಡು ಗಂಟೆಯ ಮೇಲೆ ಹಲಗೆಯೂ ಬಿರುಕಿಲ್ಲದೆ ಇಳಿಯಿತು. ಐವತ್ತೆರಡು ಮೊಳೆಗಳನ್ನು ಡೋರೀನ್ ಹೇರ್‌ಪಿನ್ನಿನ ಡಬ್ಬಿಗೆ ಹಾಕಿಕೊಂಡಳು.

ಒಳಗಿದ್ದ ಅಗ್ಗಿಷ್ಟಿಕೆಯ ಎರಡು ಬದಿಗೂ ಐದೈದು ಟೈಲು. ಗ್ವೆನ್ ಬಗ್ಗಿ ಒಂದೊಂದನ್ನೇ ನೋಡಿದಳು.

"ಏನು?" ಎಂದಳು ವಿನಿಫ್ರೆಡ್. "ಇದಾವಾ?"

"ಇದಾವೆ" ಎಂದಳು ಗ್ವೆನ್ ಮೆಲ್ಲಗೆ. "ಆದ್ರೆ ಯಾರೋ ಬಣ್ಣ ಬಳಿದ್ಬಿಟ್ಟಿದಾರೆ. ಬಾಗಿಲಿಗೆ ಬಳಿಯೋ ಕೆನೆಬಣ್ಣ. ಹೂವು ಗೀವು ಏನೂ ಕಾಣ್ತಿಲ್ಲ."

ವಿನಿಫ್ರೆಡ್ ಕುರ್ಚಿ ಹಿಡಿದು ನೆಲಕ್ಕಿಳಿದಳು. ಬಲಬದಿಯ ಮೇಲಿನ ಟೈಲಿಗೆ ಎಡಗೈ ಬೆರಳು ಹಚ್ಚಿದಳು. ಬಣ್ಣದ ಕೆಳಗೆ ಉಬ್ಬುಗೆರೆ ಇತ್ತು. ಕಾಡುಗುಲಾಬಿ, ಐದೆಸಳು, ಒಂದು ಮುಳ್ಳುಕಡ್ಡಿ. ಎಸಳಿನ ಎಡಗಡೆ ಗಂಟು, ಬಲಗಡೆ ಬಾಲ. ಎಡದಿಂದ ಬಲಕ್ಕೆ ಎಳೆದದ್ದು, ಬಲಗೈಯವಳದ್ದು. ಕೆಳಗಿನದ್ದೂ ಹಾಗೇ. ಅದರ ಕೆಳಗಿನದ್ದೂ. ಬಲಬದಿ ಐದೂ ಮುಗಿಯಿತು. ಮಂಡಿಯಲ್ಲೇ ಸರಿದು ಎಡಬದಿಗೆ ಬಂದಳು. ಒಂದು, ಎರಡು, ಮೂರು. ನಾಲ್ಕರಲ್ಲಿ ಬೆರಳು ತುಸು ತಡೆಯಿತು. ಅಲ್ಲ, ಬಣ್ಣದ ಹನಿ ಒಣಗಿದ್ದು.

ಐದನೆಯದು ನೆಲಕ್ಕೆ ತಾಗಿದಂತಿತ್ತು, ಬೂದಿ ಬೀಳುವ ಜಾಗದಲ್ಲಿ. ಅವಳು ಪೂರ್ತಿ ಬಗ್ಗಿ, ಕೆನ್ನೆಯನ್ನು ಅಗ್ಗಿಷ್ಟಿಕೆಯ ಅಂಚಿಗೆ ಒತ್ತಿ, ಕೈ ಚಾಚಿದಳು.

ಅದೇ ಗುಲಾಬಿ, ಅದೇ ಐದೆಸಳು. ಗಂಟು ಬಲಗಡೆ, ಬಾಲ ಎಡಗಡೆ.

ಅವಳು ಎರಡನೇ ಎಸಳನ್ನು ಮುಟ್ಟಿ ನೋಡಿದಳು. ಬಲಗಡೆ ಗಂಟು. ಮೂರನೆಯದು, ನಾಲ್ಕನೆಯದು. ಐದನೆಯದರಲ್ಲಿ ಗೆರೆ ಎಲ್ಲೂ ನಿಂತಿರಲಿಲ್ಲ, ದಪ್ಪವಾಗಿರಲಿಲ್ಲ. ಒಂದೇ ಉಸಿರಿನ ಉದ್ದಕ್ಕಿತ್ತು.

"ಇಲ್ಲಿದಾಳೆ" ಎಂದಳು.

ಶೆರಟ್ ಮೂಗು ಒರೆಸಿಕೊಂಡರು. ಡೋರೀನ್ ಕೂಡಲೇ ಏಪ್ರನ್ನಿನ ದಾರ ಬಿಗಿದಳು. "ಬಣ್ಣ ಎಬ್ಬಿಸೋ ಔಷಧಿ ಸಿಗತ್ತೆ. ನಾಳೇನೇ ತರಿಸ್ತೀನಿ. ಕ್ರಿಸ್‌ಮಸ್‌ಗೆ ಇನ್ನೂ ಎಂಟು ತಿಂಗಳಿದೆ, ಗುಲಾಬಿ ಬಣ್ಣ ನೋಡೇ ನೋಡ್ತೀಯ."

"ಬೇಡ ಡೋರೀನ್." ವಿನಿಫ್ರೆಡ್ ತಲೆ ಎತ್ತಲಿಲ್ಲ. "ಬಣ್ಣ ತುಂಬಿದೋಳು ಬೇರೆ ಹುಡುಗಿ. ಗೆರೆ ಮಾತ್ರ ಇವಳದ್ದು. ನೋಡೋಕ್ಕಿಂತ ಹೀಗೇ ಚೆನ್ನಾಗ್ ಸಿಗತ್ತೆ."

"ಹಾಗಾದ್ರೆ ಹಲಗೇನ ಪಕ್ಕದ ಗೋಡೆಗೆ ಹೊಡೆಸ್ತೀನಿ. ಕನ್ನಡೀನೂ ಅದ್ರ ಮೇಲೇ. ನಮ್ ಕ್ಲಿಫ್‌ಗೂ ಜಾಗ ಬೇಕಲ್ಲ. ನೀನು ಬುಧವಾರ ಬುಧವಾರ ಬಾ, ತಲೆಗೆ ಅಂತ."

ವಿನಿಫ್ರೆಡ್‌ಳ ಬೆರಳು ಐದನೇ ಎಸಳಿನ ಗಂಟಿನಿಂದ ಹೊರಟು, ಅವಳ ಉಸಿರಿನ ಜೊತೆಗೇ ಬಳಸಿ, ಬಾಲದ ತುದಿಗೆ ಬಂತು. ಅಜ್ಜಿಯ ಕೈ ಎದ್ದದ್ದು ಅಲ್ಲಿ. ಬೆರಳು ಇನ್ನೂ ಸ್ವಲ್ಪ ಮುಂದಕ್ಕೆ ಹೋಯಿತು. ಅಲ್ಲಿ ಬರೀ ನಯವಾದ ಟೈಲು, ತಣ್ಣಗೆ. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಮತ್ತೆ ಗಂಟಿಗೆ ಹಿಂದಿರುಗಿ, ಮೊದಲಿನಿಂದ ಶುರುಮಾಡಿತು.